ಅಂಗಳದ ಕಣ್ಣು

ಹಿರಿಯರನ್ನು ಊರಿನಲ್ಲಿ ಬಿಟ್ಟು ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಾವು, ಆತಂಕ ನೀಗಲೆಂದು ಆ ಮನೆಗೆ ಅಂತರ್ಜಾಲ ಕ್ಯಾಮೆರಾ ಹಾಕಿಸುತ್ತೇವೆ. ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಉಳಿಸಿಕೊಂಡರೆ ಕೀಲಿಕೈಯನ್ನು ಬಾಗಿಲಿಗೇ ತೂಗುಹಾಕಿ ಹೊರಟಂತೆ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶವು ಲಕ್ಷಾಂತರ ಉಪಕರಣಗಳನ್ನು ವಶಪಡಿಸಿಕೊಂಡದ್ದು ಇಂಥ ಪಾಸ್‌ವರ್ಡ್‌ಗಳ ಮೂಲಕವೇ. ಆದುದರಿಂದ ಮೊದಲು ಅದು ಬದಲಾಗಲಿ. ತಂತ್ರಾಂಶವೂ ಆಗಾಗ ನವೀಕರಣಗೊಳ್ಳಲಿ.

ಅಷ್ಟೇ ಮುಖ್ಯವಾದುದು ಕ್ಯಾಮೆರಾದ ದಿಕ್ಕು. ಅದು ಗೇಟು, ಅಂಗಳಗಳನ್ನು ನೋಡಲಿ, ನಡುಮನೆಯನ್ನಲ್ಲ. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಆಗ ಅವರು ತೊಂಬತ್ತು ದಾಟಿದ್ದ ಹಿರಿಯರು. ಖಾಸಗಿತನದ ಆ ಮರ್ಯಾದೆ ನಮ್ಮ ತಂದೆತಾಯಿಯರಿಗೂ ಸಲ್ಲಬೇಕು. ಅವರ ಒಪ್ಪಿಗೆ ಪಡೆದೇ ಕ್ಯಾಮೆರಾ ಹಾಕಿಸೋಣ. ಅದನ್ನು ಆರಿಸುವ ಸ್ವಿಚ್ಚು ಅವರ ಕೈಗೆಟುಕುವಂತಿರಲಿ.