ಸೂಕ್ಷ್ಮದರ್ಶಕವನ್ನು ಒರೆಗೆ ಹಚ್ಚಬೇಕಾದ ಅವಶ್ಯಕತೆ

ರೇಷ್ಮೆಯ ವಿಷಯದಲ್ಲಿ ಕೆಂಗೇರಿಯ ಹೆಸರು ಹಳೆಯದು. ೧೮೬೬ರ ಸುಮಾರಿನಲ್ಲಿ ಹುಳುಗಳ ರೋಗದಿಂದ ಮೈಸೂರು ಸೀಮೆಯ ಬೆಳೆಯು ಕ್ಷೀಣಿಸಿದ್ದಾಗ, ಇಟಲಿ ದೇಶದ ಡಿ ವೆಕ್ಕಿ ಎಂಬವರು ಜಪಾನಿನ ಮೊಟ್ಟೆಗಳನ್ನು ತರಿಸಿ ಇಲ್ಲಿ ಪ್ರಯೋಗ ನಡೆಯಿಸಿದರು, ಅದು ಬಾಳಲಿಲ್ಲ. ಅದೇ ವರ್ಷಗಳಲ್ಲಿ ಫ್ರಾನ್ಸಿನ ಪಾಸ್ಟರರು, ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗದ ಕಣವು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡತಕ್ಕದ್ದೆಂದು ತೋರಿಸಿಕೊಟ್ಟರು. ಇಂದಿಗೂ ಬಿತ್ತನೆ ಕೋಠಿಗಳ ಆಧಾರವು ಆ ಪರೀಕ್ಷೆಯೇ. ಕಣದ ಉದ್ದವು ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲು ಮಾತ್ರ.

ಈಗ ಸೂಕ್ಷ್ಮದರ್ಶಕಕ್ಕೆ ವರ್ಣಪಟಲದ ಕ್ಯಾಮೆರಾವನ್ನು ಜೋಡಿಸುವ ಕಾಲವು ಬಂದಿರುವುದು. ಚಿತ್ರದ ಒಂದೊಂದು ಬಿಂದುವಿನ ಬೆಳಕನ್ನೂ ಅದು ಅನೇಕ ಬಣ್ಣಗಳಾಗಿ ಬಿಡಿಸಿ ಅಂಕಿಗಳಲ್ಲಿ ಹೇಳುವುದು. ಅಂಕಿಯನ್ನು ಕಂಡೊಡನೆ ಜನರು ನಂಬುವರು, ಅಪಾಯವಿರುವುದು ಇಲ್ಲಿಯೇ. ಹಸುರಾದ ಹಿಪ್ಪುನೇರಳೆ ಎಲೆಯು ಕೆಂಪು ಬೆಳಕನ್ನು ಹೀರಿ, ೬೮೦ ರಿಂದ ೭೪೦ ನ್ಯಾನೊಮೀಟರುಗಳ ನಡುವೆ ಥಟ್ಟನೆ ಬಿಟ್ಟುಕೊಡುವುದು. ಎಲೆಯು ಸೊರಗಿದರೆ ಈ ಏರುವಿಕೆಯು ಕೆಲವೇ ನ್ಯಾನೊಮೀಟರು ಹಿಂದಕ್ಕೆ ಸರಿಯುವುದು. ಯಂತ್ರವೇ ಹತ್ತು ನ್ಯಾನೊಮೀಟರು ತಪ್ಪಿದ್ದರೆ ಒಳ್ಳೆಯ ತೋಟವು ರೋಗದ್ದೆನಿಸುವುದು, ರೋಗದ ತೋಟವು ಒಳ್ಳೆಯದೆನಿಸುವುದು. ಅಳತೆಯ ಸರಪಣಿಯ ಕೊಂಡಿ ಹಿಗ್ಗಿದರೆ ಗಡಿಕಲ್ಲು ಎಲ್ಲಿಗೆ ಹೋಗುವುದೆಂಬುದು ಜಮೀನುದಾರರಿಗೆ ತಿಳಿದೇ ಇದೆ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಪಾದರಸದ ದೀಪವು ೪೩೫.೮ ಮತ್ತು ೫೪೬.೧ ನ್ಯಾನೊಮೀಟರುಗಳಲ್ಲಿ ಎಂದೂ ಬದಲಾಗದ ಗೆರೆಗಳನ್ನು ಕೊಡುವುದು. ಹಳೆಯ ಟ್ಯೂಬ್ ದೀಪದಲ್ಲಿಯೂ ಅವೇ ಗೆರೆಗಳಿವೆ. ಯಂತ್ರವು ಅವನ್ನು ಅದೇ ಸ್ಥಾನದಲ್ಲಿ ತೋರಿಸಬೇಕು. ಬಳಿಕ ಬೆಳಕನ್ನು ಮುಚ್ಚಿ ಒಂದು ಚಿತ್ರ, ಬರಿಯ ಗಾಜಿನ ಮೂಲಕ ಒಂದು ಚಿತ್ರ ತೆಗೆಯತಕ್ಕದ್ದು. ಇಲ್ಲವಾದರೆ ದೀಪವು ಹಳೆಯದಾಗಿ ಹಳದಿಗಟ್ಟಿದ ದೋಷವು ಎಲೆಯ ತಲೆಗೆ ಬೀಳುವುದು. ಗಾತ್ರಕ್ಕೆ, ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿರುವ ಗಾಜಿನ ಅಳತೆಪಟ್ಟಿಯುಂಟು.

ಗಂಟುರೋಗದ ಕಣಕ್ಕಾದರೋ ಆರುನೂರು ಪಟ್ಟು ಹಿಗ್ಗಿಸುವ ಸಾಧಾರಣ ಸೂಕ್ಷ್ಮದರ್ಶಕವೂ ಪಳಗಿದ ಕಣ್ಣೂ ಸಾಕು. ಒರೆಗೆ ಹಚ್ಚದ ಹೊಸ ಯಂತ್ರಕ್ಕಿಂತ ಅವೇ ಲೇಸು. ಕೆಲಸದ ಒತ್ತಡದ ದಿನಗಳಲ್ಲಿ ಇದಕ್ಕೆ ಪುರಸತ್ತಿಲ್ಲವೆಂಬ ಮಾತು ಕೇಳಿಬರುವುದುಂಟು. ಒಂದು ಕೆಟ್ಟ ತಂಡದ ಮೊಟ್ಟೆಯು ಊರಿನ ಎಷ್ಟು ಮನೆಗಳಿಗೆ ಹೋಗುವುದೆಂಬುದನ್ನು ಎಣಿಸಿದವರು ಹಾಗೆನ್ನಲಾರರು. ಗ್ರಾಮದ ಮುಖಂಡರು ಎಲೆಯ ಪರೀಕ್ಷೆಗೆ ಯಾರನ್ನು ಕರೆಯಿಸಿದರೂ, ಫಲಿತಾಂಶದ ಕಾಗದದೊಡನೆ ಯಂತ್ರವನ್ನು ಕಡೆಯ ಬಾರಿ ಒರೆಗೆ ಹಚ್ಚಿದ ತಾರೀಖನ್ನೂ ಬರೆಯಿಸಿಕೊಳ್ಳತಕ್ಕದ್ದು.