ಗಾಳಕ್ಕೂ ಬಲೆಗೂ ಒಂದೇ ಕಾನೂನೇ?

ಚಿತ್ರದುರ್ಗ ಜಿಲ್ಲೆಯಲ್ಲಿ ಕೆರೆಯ ಮೀನು ಹರಾಜಾಗುತ್ತದೆ. ದೊಡ್ಡ ಕೆರೆಗಳದು ಮೀನುಗಾರಿಕೆ ಇಲಾಖೆಯ ಮೂಲಕ, ಸಣ್ಣವುಗಳದು ಗ್ರಾಮ ಪಂಚಾಯಿತಿಯ ಮೂಲಕ. ಹರಾಜು ಹಿಡಿದವನು ಹಣ ಕಟ್ಟುತ್ತಾನೆ, ಮರಿ ಬಿಡುತ್ತಾನೆ, ಹೊತ್ತು ನೋಡಿ ಬಲೆ ಎಳೆಸಿ ಲಾರಿಗೆ ತುಂಬುತ್ತಾನೆ. ಅದು ಅವನ ವ್ಯಾಪಾರ, ನನ್ನ ತಕರಾರಿಲ್ಲ. ತಕರಾರಿರುವುದು, ಹರಾಜು ಮುಗಿದ ಮರುದಿನದಿಂದ ಏರಿಯ ಮೇಲೆ ಬಿದಿರುಕೋಲು ಹಿಡಿದು ಕೂತ ಮನುಷ್ಯ ಕಳ್ಳನಾಗಿಬಿಡುವುದಕ್ಕೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ದುರ್ಗದ ಸುತ್ತಮುತ್ತ, ಭಾನುವಾರ ಬಂತೆಂದರೆ ಗಾಳ ತೆಗೆದುಕೊಂಡು ಕೆರೆಗೆ ಹೋಗುವ ಗಾರೆ ಕೆಲಸದವರು, ಆಟೊ ಓಡಿಸುವವರು, ನಿವೃತ್ತ ಮೇಷ್ಟರು, ಶಾಲೆ ಹುಡುಗರು ಎಷ್ಟೋ ಜನ ಇದ್ದಾರೆ. ಅವರಿಗೆ ಸಂಘವಿಲ್ಲ, ಅವರ ಪರ ಮನವಿ ಪತ್ರ ಹಿಡಿದು ಜಿಲ್ಲಾಧಿಕಾರಿ ಕಚೇರಿಗೆ ಹೋದವರನ್ನು ನಾನು ಕಂಡಿಲ್ಲ. ಮೀನುಗಾರಿಕೆಯ ನೀತಿ ಎಂದಾಗಲೆಲ್ಲ ಸರ್ಕಾರದ ಕಣ್ಣಿಗೆ ಬೀಳುವುದು ಟನ್ನುಗಳ ಲೆಕ್ಕ, ಬಿತ್ತನೆ ಮರಿ, ಪಂಜರ ಕೃಷಿ, ಸಬ್ಸಿಡಿ. ಸಂಜೆವರೆಗೆ ಕೂತು ನಾಲ್ಕು ಪಕ್ಕೆ ಮೀನು ಹಿಡಿದು ಮನೆಗೊಯ್ಯುವವನು ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಕಾವೇರಿಯಲ್ಲಿ ಏನಾಯಿತೆಂದು ಮೊದಲು ನೋಡೋಣ. ಗಾಳದ ಬಗ್ಗೆ ಈ ರಾಜ್ಯದಲ್ಲಿ ನಡೆದ ದೊಡ್ಡ ಜಗಳ ಅದೊಂದೇ, ಅದರಿಂದ ನಮ್ಮ ಜಿಲ್ಲೆ ಕಲಿಯಬೇಕಾದ್ದು ಬಹಳ ಇದೆ. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯಲ್ಲಿ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಶಿಬಿರಗಳಿದ್ದವು. ದೇಶ ವಿದೇಶದವರು ಬಂದು ಬಿಳಿಮೀನಿಗೆ, ಅಂದರೆ ಮಹಶೀರಿಗೆ ಗಾಳ ಹಾಕುತ್ತಿದ್ದರು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ನೀರಿಗೆ ಬಿಡಬೇಕು ಎಂಬುದು ಅಲ್ಲಿಯ ನಿಯಮ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು ಇಂದಿಗೂ ದಾಖಲೆ. ಬೆಂಗಳೂರಿನ ದಕ್ಷಿಣ ಭಾರತ ವನ್ಯಜೀವಿ ಸಂಘ, ಕೊಡಗಿನಲ್ಲಿ ಕೊಡಗು ವನ್ಯಜೀವಿ ಸಂಘ ಹೊಳೆಯ ಒಂದೊಂದು ತುಂಡನ್ನು ನೋಡಿಕೊಳ್ಳುತ್ತಿದ್ದವು. ಮೊದಲು ತೋಟೆ ಸಿಡಿಸಿ ಮೀನು ಕೊಲ್ಲುತ್ತಿದ್ದ ಊರಿನವರಲ್ಲೇ ಕೆಲವರು ಈ ಶಿಬಿರಗಳಲ್ಲಿ ಕಾವಲುಗಾರರಾದರು, ಹರಿಗೋಲು ಹಾಕುವವರಾದರು.

2012ರ ಹೊತ್ತಿಗೆ ಇದೆಲ್ಲ ನಿಂತಿತು. ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆಯೇ ಎಂಬ ಅರ್ಥ ಮಾಡಲಾಯಿತು. ಕಾಯ್ದೆಯಲ್ಲಿ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ, ಹಿಡಿಯುವುದೂ ಸೇರಿದೆ. ಅಕ್ಷರಕ್ಕೆ ಅಕ್ಷರ ಓದಿದರೆ ಆ ಅರ್ಥ ತಪ್ಪೆನ್ನಲಾಗದು. ಪ್ರಾಣಿದಯೆಯವರ ಮಾತಿನಲ್ಲೂ ಹುರುಳಿದೆ. ಗಾಳ ಬಾಯಿಗೆ ಚುಚ್ಚಿ ಗಂಟೆಗಟ್ಟಲೆ ಎಳೆದಾಡಿಸಿ ಬಿಟ್ಟ ಮೀನಿಗೆ ನೋವಾಗುವುದಿಲ್ಲವೇ ಎಂದು ಅವರು ಕೇಳುತ್ತಾರೆ. ಆಗುತ್ತದೆ. ಆಡಿಸಿ ಬಿಡುವ ಕ್ರೀಡೆಯನ್ನು ನಾನು ಅಷ್ಟಾಗಿ ಮೆಚ್ಚಿದವನಲ್ಲ. ಹಿಡಿದದ್ದನ್ನು ಸಾರು ಮಾಡಿ ಉಣ್ಣುವುದೇ ನೇರ ಎಂಬುದು ನಮ್ಮ ಬಯಲುಸೀಮೆಯವರ ಲೆಕ್ಕ.

ಆದರೆ ಆ ಶಿಬಿರಗಳಲ್ಲಿ ಗಾಳ ನಿಂತಾಗ ಇನ್ನೊಂದೂ ನಿಂತುಹೋಯಿತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಪ್ರತಿ ಮೀನಿನ ತೂಕ, ಹಿಡಿದ ಹೊತ್ತು ಎಲ್ಲ ಪುಸ್ತಕದಲ್ಲಿ ಬರೆದಿಟ್ಟಿದ್ದರು. 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಅದು. ಇಂಗ್ಲೆಂಡಿನ ಏಡ್ರಿಯನ್ ಪಿಂಡರ್, ಕೇರಳದ ರಾಜೀವ್ ರಾಘವನ್ ಮೊದಲಾದ ವಿಜ್ಞಾನಿಗಳು 2015ರಲ್ಲಿ ಆ ಪುಸ್ತಕಗಳನ್ನೇ ಓದಿ ಒಂದು ಸತ್ಯ ಕಂಡುಕೊಂಡರು. ಹೊಳೆಯಲ್ಲಿ ಮಹಶೀರ್ ಹೆಚ್ಚಾಗುತ್ತಿದೆ ಎಂದು ಎಲ್ಲರೂ ಸಂತೋಷಪಡುತ್ತಿದ್ದಾಗ, ಹೆಚ್ಚಾಗುತ್ತಿದ್ದದ್ದು ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಾಣೆಯಾಗುತ್ತಿತ್ತು. ಹೊರಗಿನ ಮರಿ ಬಿಟ್ಟವರಲ್ಲಿ ಇಲಾಖೆಯೂ ಇತ್ತು, ಗಾಳದ ಹವ್ಯಾಸಿಗಳೂ ಇದ್ದರು. ಎಲ್ಲರದೂ ಒಳ್ಳೆಯ ಉದ್ದೇಶವೇ. 2018ರಲ್ಲಿ ಆ ಡುಬ್ಬದ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರು ಖಚಿತವಾಯಿತು, ಅದೇ ವರ್ಷ ಅಳಿವಿಗೆ ತೀರ ಹತ್ತಿರವಾದ ಜೀವಿಗಳ ಜಾಗತಿಕ ಪಟ್ಟಿಗೂ ಸೇರಿತು. ಗಾಳದವರು ಪುಸ್ತಕ ಬರೆದಿಡದೆ ಹೋಗಿದ್ದರೆ ಇದು ಯಾರಿಗೂ ತಿಳಿಯುತ್ತಿರಲಿಲ್ಲ. ನಿಷೇಧದ ಆದೇಶ ಗಾಳವನ್ನು ನಿಲ್ಲಿಸಿತು. ಹೊಳೆಯನ್ನು ದಿನವೂ ನೋಡುತ್ತಿದ್ದ ಕಣ್ಣುಗಳ ಬದಲಿಗೆ ಬೇರೆ ಕಣ್ಣುಗಳನ್ನು ಮಾತ್ರ ಅದು ಇಡಲಿಲ್ಲ.

ಈ ಮಾತು ನಮ್ಮ ಜಿಲ್ಲೆಯ ವೇದಾವತಿ ಹೊಳೆಗೆ ನೇರವಾಗಿ ಅನ್ವಯಿಸುತ್ತದೆ. ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡಗಟ್ಟೆ ಕಟ್ಟಿ ಮುಗಿದದ್ದು 1907ರಲ್ಲಿ. ಅಲ್ಲಿ ನಿಂತ ವಾಣಿ ವಿಲಾಸ ಸಾಗರದ ಪೂರ್ಣಮಟ್ಟ 130 ಅಡಿ, ಹಿಡಿಯುವ ನೀರು 30 ಟಿಎಂಸಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಸಾಗರ ಮತ್ತೆ ಕೋಡಿ ಬೀಳಲು 89 ವರ್ಷ ಹಿಡಿಯಿತು. 2022ರ ಸೆಪ್ಟೆಂಬರಿನಲ್ಲಿ ಕೋಡಿಯ ನೀರು ನೋಡಲು ಇಡೀ ಜಿಲ್ಲೆಯೇ ಹಿರಿಯೂರಿನ ದಾರಿ ಹಿಡಿದಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಹಿನ್ನೀರು ಹೊಸದುರ್ಗದ ಕಡೆ ಚಾಚಿತು. ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈಗ ವೇದಾವತಿಗೆ ಬೀಳುತ್ತಿದೆ. ಪಂಪಿನಿಂದ ಎತ್ತಿದ ನೀರಿನ ಜೊತೆ ಭದ್ರೆಯ ಮೊಟ್ಟೆ ಮರಿಗಳೂ ಬರಬಹುದು. ನೂರು ವರ್ಷ ತನ್ನ ಪಾಡಿಗಿದ್ದ ಹೊಳೆಗೆ ಇನ್ನೊಂದು ಹೊಳೆ ಕೂಡಿದಾಗ ಯಾವ ಮೀನು ಬಂತು, ಯಾವುದು ಹೋಯಿತು ಎಂದು ಬರೆದಿಡುವವರು ಯಾರು? ಗುತ್ತಿಗೆದಾರನ ಪುಸ್ತಕದಲ್ಲಿ ಕಾಟ್ಲಾ ಎಷ್ಟು ಕೆಜಿ, ರೋಹು ಎಷ್ಟು ಕೆಜಿ ಎಂದಿರುತ್ತದೆ. ಗಿರ್ಲು, ಚೇಳು ಮೀನು, ಹಾವುಮೀನು, ಕೊರವ ಅವನಿಗೆ ಚಿಲ್ಲರೆ. ಇವುಗಳ ಏರಿಳಿತ ಗೊತ್ತಿರುವುದು ತೂಬಿನ ಹತ್ತಿರ ವರ್ಷವಿಡೀ ಕೂರುವವನಿಗೆ.

ಹೊರಗಿನ ಮೀನುಗಳ ವಿಷಯವೂ ಹೀಗೇ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ದೇಶದಲ್ಲಿ ನಿಷೇಧಿಸಿದ್ದು 2000ದಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದನ್ನು 2019ರಲ್ಲಿ ಮತ್ತೆ ಹೇಳಬೇಕಾಯಿತು. ಹೊಂಡದಿಂದ ತಪ್ಪಿಸಿಕೊಂಡ ಆ ಮೀನು ಕೆರೆಗೆ ಬಿದ್ದರೆ ಮಿಕ್ಕ ಮೀನುಮರಿಗಳನ್ನೆಲ್ಲ ತಿನ್ನುತ್ತದೆ. ಜಿಲೇಬಿ ಮೀನು ಆಗಲೇ ನಮ್ಮ ಕೆರೆಗಳನ್ನು ತುಂಬಿದೆ. ಮೊದಲ ಕ್ಯಾಟ್‌ಫಿಶ್ ಯಾವ ಕೆರೆಯಲ್ಲಿ ಕಂಡಿತು ಎಂದು ಇಲಾಖೆಗೆ ತಿಳಿಸಬಲ್ಲವನು ಗಾಳದವನೇ. ಆದರೆ ಅವನು ಬಾಯಿ ಬಿಡುವುದಿಲ್ಲ. ಬಿಟ್ಟರೆ "ನೀನು ಆ ಕೆರೆಯಲ್ಲಿ ಏನು ಮಾಡ್ತಿದ್ದೆ?" ಎಂಬ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು.

ಆ ಪ್ರಶ್ನೆ ಕೇಳುವ ರೀತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೊಳಲ್ಕೆರೆ ಕಡೆಯ ಒಂದು ಕೆರೆ. ಕೋಡಿಯ ಕಲ್ಲಿನ ಮೇಲೆ ಅರವತ್ತು ದಾಟಿದ ಒಬ್ಬರು, ಪಕ್ಕದಲ್ಲಿ ಏಳೆಂಟು ವರ್ಷದ ಮೊಮ್ಮಗಳು. ಬಿದಿರುಕೋಲು, ತಂಗೂಸಿ ದಾರ, ನವಿಲುಗರಿಯ ದಂಟು ಕತ್ತರಿಸಿ ಮಾಡಿದ ಬೆಂಡು, ತೆಂಗಿನ ಚಿಪ್ಪಿನಲ್ಲಿ ಒದ್ದೆ ಮಣ್ಣು, ಅದರಲ್ಲಿ ಎರೆಹುಳು. ಬೆಂಡು ಒಂದು ಸಲ ನಡುಗಿ ಓರೆಯಾದಾಗ ಹುಡುಗಿ ಉಸಿರು ಬಿಗಿಹಿಡಿದು ತಾತನ ಮುಖ ನೋಡಿದಳು. ತಾತ "ಇನ್ನೂ ಇಲ್ಲ ಕಣವ್ವ, ಮೂಸ್ತಾ ಐತೆ" ಅಂದರು. ಅಷ್ಟರಲ್ಲಿ ಏರಿಯ ಮೇಲೆ ಬೈಕು ನಿಂತಿತು. ಗುತ್ತಿಗೆದಾರನ ಕಾವಲಿನ ಹುಡುಗ ಇಳಿದು ಬಂದ. "ಯಜಮಾನ್ರೇ, ಕೆರೆ ಹರಾಜಾಗೈತೆ ಗೊತ್ತಿಲ್ವಾ? ಮೀನು ಬಿಟ್ಟಿರೋದು ನಾವು" ಎಂದ. "ಪಕ್ಕೆ ಮೀನು ನೀವು ಬಿಟ್ರೇನಪ್ಪ?" ಎಂದು ಕೇಳಿದರು ಇವರು. ಹುಡುಗ ಉತ್ತರ ಕೊಡಲಿಲ್ಲ. ಕೋಲು ಕಿತ್ತುಕೊಂಡು ಮಂಡಿಗೆ ಹಾಕಿ ಎರಡು ತುಂಡು ಮಾಡಿ ನೀರಿಗೆಸೆದ. ಚೀಲದಲ್ಲಿದ್ದ ಮೂರು ಮೀನನ್ನೂ ಬಿಡಲಿಲ್ಲ. ಹುಡುಗಿ ಅಳಲಿಲ್ಲ, ತೇಲಿಹೋಗುತ್ತಿದ್ದ ಬೆಂಡನ್ನೇ ನೋಡುತ್ತಿದ್ದಳು. ನಾನು ಮಧ್ಯೆ ಹೋಗಿ ವಾದ ಮಾಡಿದೆ. ಆ ಹುಡುಗನೂ ದಿನಗೂಲಿಯವನೇ, ಅವನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು, ಆ ಮುದುಕರ ಪ್ರಶ್ನೆಗೆ ಸರ್ಕಾರದ ಕಾಗದದಲ್ಲಿ ಉತ್ತರವೇ ಇಲ್ಲದಿರುವುದರ ಮೇಲೆ.

ಪಕ್ಕೆ ಮೀನು ಯಾರು ಬಿಟ್ಟದ್ದು? ಯಾರೂ ಅಲ್ಲ. ಹಳ್ಳದ ನೀರು ಬಂದಾಗ ಅದು ಬಂದದ್ದು, ಕೊರವ ಕೆಸರಿನಲ್ಲೇ ಬೇಸಿಗೆ ಕಳೆದು ಉಳಿದದ್ದು. ಗುತ್ತಿಗೆದಾರ ಕೊಂಡದ್ದು ತಾನು ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಗೆಂಡೆಗಳ ಫಸಲು. ಅದನ್ನು ಕದಿಯಲು ಯಾರಿಗೂ ಹಕ್ಕಿಲ್ಲ. ಆದರೆ ಕೆರೆಯೆಂಬ ಕೆರೆಯನ್ನೇ, ಅದರಲ್ಲಿ ಹುಟ್ಟುವ ಎಲ್ಲ ಜೀವವನ್ನೂ, ದಡದಲ್ಲಿ ಕೂರುವ ಹಕ್ಕನ್ನೂ ಅವನು ಕೊಂಡಿಲ್ಲ. ಪಂಚಾಯಿತಿಗೆ ಅದನ್ನು ಮಾರುವ ಅಧಿಕಾರವನ್ನು ಊರು ಯಾವತ್ತೂ ಕೊಟ್ಟಿಲ್ಲ. ದುರ್ಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚಂದ್ರವಳ್ಳಿಯಲ್ಲಿ ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಪ್ರಾಕೃತದಲ್ಲಿ ಕೆತ್ತಿರುವ ಆ ಚಿಕ್ಕ ಶಾಸನ, 1929ರಲ್ಲಿ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆತ ನಡೆಸಿದ ಕಾಲದಲ್ಲಿ ಬೆಳಕಿಗೆ ಬಂದದ್ದು, ಹೇಳುವುದೇನು? ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ ಎಂಬುದನ್ನು. ಪಲ್ಲವರನ್ನೂ ಆಭೀರರನ್ನೂ ಗೆದ್ದೆನೆಂದು ಹೇಳಿಕೊಳ್ಳುವ ರಾಜ, ಆ ಗೆಲುವುಗಳ ಜೊತೆಗೇ ಬಂಡೆಯ ಮೇಲೆ ಕೆತ್ತಿಸಲು ಯೋಗ್ಯವೆಂದುಕೊಂಡದ್ದು ಕೆರೆಯನ್ನು. ಈ ಒಣನೆಲದಲ್ಲಿ ಕೆರೆ ಅಂದಿನಿಂದಲೂ ಊರಿನದು.

ಇಲ್ಲಿ ಬೆಸ್ತರ ಮಾತು ಬರುತ್ತದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ತೆಪ್ಪ, ಬಲೆ ಇಟ್ಟುಕೊಂಡು ಹೊಟ್ಟೆ ಹೊರೆಯುವ ಕುಟುಂಬಗಳು ವಾಣಿ ವಿಲಾಸಪುರದಲ್ಲಿ, ಗಾಯತ್ರಿ ಜಲಾಶಯದ ಕಡೆ, ಭೀಮಸಮುದ್ರದ ದಡದಲ್ಲಿ ಇವೆ. ಶೋಕಿಗೆ ಗಾಳ ಹಾಕುವವರಿಗಾಗಿ ಅವರ ಅನ್ನಕ್ಕೆ ಕಲ್ಲು ಹಾಕಬೇಕೇ ಎಂದು ಕೇಳುವವರು ಸರಿಯಾಗಿಯೇ ಕೇಳುತ್ತಾರೆ. ಆದರೆ ಬೆಸ್ತರ ಅನ್ನಕ್ಕೆ ಕುತ್ತು ಬಂದಿರುವುದು ಬಿದಿರುಕೋಲಿನಿಂದಲ್ಲ. ಸಹಕಾರ ಸಂಘಕ್ಕೆ ನಿಲುಕದ ಮೊತ್ತಕ್ಕೆ ಏರುವ ಹರಾಜಿನಿಂದ, ಸಣ್ಣ ಕಣ್ಣಿನ ಬಲೆಯಿಂದ, ಮರಿ ಹಾಕುವ ಮಳೆಗಾಲದಲ್ಲೂ ನಿಲ್ಲದ ಶಿಕಾರಿಯಿಂದ, ತೋಟೆ, ಬ್ಲೀಚಿಂಗ್ ಪುಡಿ, ಕರೆಂಟಿನಿಂದ. ತೋಟೆ ಮತ್ತು ವಿಷವನ್ನು 1897ರ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದಿದೆ, ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆಯೂ ಇದೆ. ಕಾಯ್ದೆಗಳಿಗೆ ಕೊರತೆಯಿಲ್ಲ. ರಾತ್ರಿ ಹಿನ್ನೀರಿನ ಕಡೆ ಸದ್ದು ಕೇಳಿದಾಗ ಫೋನು ಮಾಡುವ ಧೈರ್ಯವಿರುವವರು ಬೇಕು. ದಡದಲ್ಲಿ ಕೂರುವುದೇ ಅಪರಾಧವಾದರೆ ಆ ಫೋನು ಯಾರು ಮಾಡುತ್ತಾರೆ?

ನನ್ನ ಬೇಡಿಕೆ ದೊಡ್ಡದೇನಲ್ಲ. ಸಾರ್ವಜನಿಕ ಕೆರೆಯಲ್ಲಿ ಒಬ್ಬ ಮನುಷ್ಯ, ಒಂದು ಕೋಲು, ಒಂದು ಗಾಳ, ಮನೆಯ ಅಡುಗೆಗಾಗುವಷ್ಟು ಮೀನು: ಇದಕ್ಕೆ ಯಾರ ಅಪ್ಪಣೆಯೂ ಬೇಡ, ಶುಲ್ಕವೂ ಬೇಡ. ಬಿತ್ತನೆ ಮೀನು ಗಾಳಕ್ಕೆ ಬಿದ್ದರೆ ತಿರುಗಿ ಬಿಡಬೇಕು, ಮಾರಬಾರದು. ವಾಣಿ ವಿಲಾಸ ಸಾಗರದಂಥ ಜಲಾಶಯದಲ್ಲಿ ರೀಲು ಕೋಲಿನೊಂದಿಗೆ ಬೆಂಗಳೂರಿನಿಂದ ಕಾರಿನಲ್ಲಿ ಬರುವವರಿಗೆ ದಿನದ ಪರವಾನಗಿ ಇರಲಿ, ಮರಿ ಹಾಕುವ ತಿಂಗಳುಗಳಲ್ಲಿ ಬಿಡುವಿರಲಿ, ಹಿಡಿದದ್ದನ್ನು ಬರೆಯುವ ಪುಸ್ತಕವಿರಲಿ. ಆ ಪರವಾನಗಿಯ ಹಣ ಖಜಾನೆಗೆ ಹೋಗದೆ ಅಲ್ಲಿಯ ಮೀನುಗಾರರ ಸಹಕಾರ ಸಂಘಕ್ಕೆ ಹೋಗಲಿ, ತೆಪ್ಪ ಹಾಕಿ ದಾರಿ ತೋರಿಸುವ ಕೂಲಿಯೂ ಅವರದಾಗಲಿ. ಇದು ಎಲ್ಲೂ ಇಲ್ಲದ್ದೇನಲ್ಲ. ಹಿಮಾಚಲ ಪ್ರದೇಶದ ಮೀನುಗಾರಿಕೆ ಇಲಾಖೆ ತೀರ್ಥನ್ ಹೊಳೆಯಲ್ಲಿ ಟ್ರೌಟ್ ಮೀನಿಗೆ ಗಾಳ ಹಾಕುವವರಿಗೆ ಪರವಾನಗಿ ಕೊಡುತ್ತದೆ, ಉತ್ತರಾಖಂಡವೂ ಕೊಡುತ್ತದೆ. ಇಂಗ್ಲೆಂಡಿನಲ್ಲಿ ಹೊಳೆ, ಕೆರೆಗಳಲ್ಲಿ ಗಾಳ ಹಾಕುವ 13 ವರ್ಷ ತುಂಬಿದ ಪ್ರತಿಯೊಬ್ಬರೂ ಕೋಲಿನ ಪರವಾನಗಿ ಪಡೆಯಲೇಬೇಕು, ಆ ಹಣದಿಂದಲೇ ಹೊಳೆಗಳ ಮೀನನ್ನು ನೋಡಿಕೊಳ್ಳುತ್ತಾರೆ. ವನ್ಯಧಾಮದೊಳಗಿನ ಕಾವೇರಿಯ ವಿಷಯ ಬೇರೆ. ಅಲ್ಲಿ ಆಟಕ್ಕಾಗಿ ಗಾಳ ಬೇಡವೆಂದರೆ ಒಪ್ಪೋಣ. ಆದರೆ ಡುಬ್ಬದ ಮಹಶೀರ್ ಎಷ್ಟು ಉಳಿದಿದೆ ಎಂದು ಎಣಿಸಲು, ವಿಜ್ಞಾನಿಗಳ ಮೇಲ್ವಿಚಾರಣೆಯಲ್ಲಿ, ಹಳೆಯ ಗಾಳದವರನ್ನೂ ಹರಿಗೋಲಿನವರನ್ನೂ ವರ್ಷಕ್ಕೊಮ್ಮೆಯಾದರೂ ಸರ್ಕಾರವೇ ಕರೆಸಿಕೊಳ್ಳಬೇಕು.

ಕೆರೆಯಲ್ಲಿ ಮುಳುಗಿ ಸಾಯುವ ಮಕ್ಕಳ ಭಯವನ್ನು ಮುಂದಿಟ್ಟು ದಡಕ್ಕೇ ಬೇಲಿ ಹಾಕಬೇಕೆನ್ನುವವರೂ ಇದ್ದಾರೆ. ಮಕ್ಕಳು ಸಾಯುವುದು ಮರಳು, ಮಣ್ಣು ತೆಗೆದ ಗುಂಡಿಗಳಲ್ಲಿ, ಈಜು ಬಾರದೆ ನೀರಿಗಿಳಿದಾಗ. ಅಲ್ಲಿ ಅನುಭವಸ್ಥರು ಒಬ್ಬಿಬ್ಬರು ಕೂತಿದ್ದರೆ ಉಳಿಯುವ ಜೀವಗಳಿವೆ.

ಜಿಲ್ಲಾ ಪಂಚಾಯಿತಿ ಮತ್ತು ಮೀನುಗಾರಿಕೆ ಇಲಾಖೆಯ ಉಪನಿರ್ದೇಶಕರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಕೆರೆಗಳ ಹರಾಜು ಪ್ರಕಟಣೆ ಹೊರಡಿಸುವಾಗ ಷರತ್ತುಗಳ ಪಟ್ಟಿಗೆ ಇನ್ನೊಂದನ್ನು ಸೇರಿಸಿ: "ಗುತ್ತಿಗೆದಾರನು ಬಿಡದ, ಕೆರೆಯಲ್ಲಿ ತಾನಾಗಿ ಬೆಳೆದ ಮೀನನ್ನು ಮನೆಬಳಕೆಗಾಗಿ ಒಂದು ಗಾಳದಿಂದ ಹಿಡಿಯುವವರನ್ನು ತಡೆಯತಕ್ಕದ್ದಲ್ಲ." ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ವಿಧಾನಸೌಧಕ್ಕೆ ಅಲೆಯಬೇಕಿಲ್ಲ. ಒಪ್ಪದ ಗುತ್ತಿಗೆದಾರ ಹರಾಜು ಕೂಗದಿರಲಿ, ಆ ಕೆರೆಯನ್ನು ಊರಿನ ಮೀನುಗಾರರ ಸಂಘಕ್ಕೇ ಕೊಡಿ.