ನಿನ್ನೆ ದುರ್ಯೋಧನ ಹೆಂಗಿದ್ದ?

ಬೆಂಗಳೂರಿನ ಪೀಣ್ಯದ ಟೀ ಅಂಗಡಿಗಳ ಮುಂದೆ ಸೋಮವಾರ ಬೆಳಗಿನ ಪಾಳಿಗೆ ಮುನ್ನ ನಿಂತರೆ ಈ ಪ್ರಶ್ನೆ ಕಿವಿಗೆ ಬೀಳಬಹುದು. ಉತ್ತರವೂ ತಡವಾಗುವುದಿಲ್ಲ. "ಕಂಠ ಐತೆ ಗುರು, ಆದ್ರೆ ಕಂದದ ಕೊನೇಲಿ ಉಸ್ರು ಸಾಲ್ಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ಜೋರು ಮಾಡಿ ದಡ ಹತ್ತಿಸಿದ್ರು." ಪಕ್ಕದವನು ಒಪ್ಪುವುದಿಲ್ಲ. ಹೋದ ವರ್ಷ ತಮ್ಮೂರ ಜಾತ್ರೆಯಲ್ಲಿ ಇದೇ ಪಾರ್ಟು ಮಾಡಿದವನು ಶ್ರುತಿಯನ್ನೇ ಹಿಡಿದಿರಲಿಲ್ಲ, ಅವನಿಗಿಂತ ಇವನು ಎಷ್ಟೋ ವಾಸಿ ಎನ್ನುತ್ತಾನೆ. 'ಕುರುಕ್ಷೇತ್ರ'ದಲ್ಲಿ ಕೊನೆಗೆ ಗೆದ್ದವರು ಯಾರು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಇಂಥ ಮಾತಿಗೆ ನಾವು ಹರಟೆ ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತೇವೆ. ವಿಮರ್ಶೆ ಪತ್ರಿಕೆಗೂ ವಿಚಾರ ಸಂಕಿರಣಕ್ಕೂ ಸೇರಿದ್ದು, ಟೀ ಅಂಗಡಿಯದು ಕಾಲಕ್ಷೇಪ ಎಂಬುದು ಓದಿದವರ ನಂಬಿಕೆ. ಹಾಡನ್ನೇ ನೆಚ್ಚಿಕೊಂಡ ರಂಗಭೂಮಿಯ ಮಟ್ಟಿಗೆ ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಹಿಮ್ಮೇಳ, ಮುಮ್ಮೇಳಗಳಷ್ಟೇ ಅಭಿಮಾನಿಗಳ ದಿನನಿತ್ಯದ ಮಾತೂ ಅಲ್ಲಿ ಕಲೆಯ ಒಂದು ಅಂಗ. ಅದು ಕೆಟ್ಟರೆ ಕಲೆಯೂ ಕೆಡುತ್ತದೆ.

ಮೊದಲು ಪೀಣ್ಯದವರ ವಿಷಯ. 1970ರ ದಶಕದಲ್ಲಿ ಕೈಗಾರಿಕಾ ಪ್ರದೇಶವಾಗಿ ಬೆಳೆಯತೊಡಗಿದ ಈ ಜಾಗಕ್ಕೆ ತುಮಕೂರು, ಕುಣಿಗಲ್, ಮಾಗಡಿ, ನಾಗಮಂಗಲ, ಹಾಸನದ ಕಡೆಯಿಂದ ಜನ ಬಂದರು. ಲೇತ್ ಮೆಷಿನ್, ಗಾರ್ಮೆಂಟ್ಸ್, ಪೌಡರ್ ಕೋಟಿಂಗ್ ಕೆಲಸಕ್ಕೆ ಬಂದವರು ಪೌರಾಣಿಕ ನಾಟಕದ ಹುಚ್ಚನ್ನು ಊರಲ್ಲೇ ಬಿಟ್ಟು ಬರಲಿಲ್ಲ. ಗುಬ್ಬಿ ಇಲ್ಲಿಂದ ದೂರವೇನಲ್ಲ. 1884ರಲ್ಲಿ ಆ ಊರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ನಾಡಿನ ದೊಡ್ಡ ಕಂಪನಿಯಾಯಿತು. ಅವರ 'ಕುರುಕ್ಷೇತ್ರ'ದಲ್ಲಿ ಆನೆ, ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ಕಂಪನಿಗಳ ಕಾಲ ಮುಗಿದ ಮೇಲೂ ಆ ನಾಟಕಗಳು ಹವ್ಯಾಸಿಗಳ ಕೈಯಲ್ಲಿ ಉಳಿದುಕೊಂಡವು.

ಅವು ನಡೆಯುವ ರೀತಿ ಗೊತ್ತಿಲ್ಲದವರಿಗೆ ವಿಚಿತ್ರ ಅನ್ನಿಸೀತು. ಇಲ್ಲಿ ನಟ ಸಂಭಾವನೆ ಪಡೆಯುವುದಿಲ್ಲ, ತಾನೇ ದುಡ್ಡು ಕಟ್ಟಿ ಪಾರ್ಟು ಹಿಡಿಯುತ್ತಾನೆ. ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಸಹದೇವನಿಗೆ ಕಡಿಮೆ. ಆ ದುಡ್ಡಿನಲ್ಲಿ ಸೀನರಿ ಬಾಡಿಗೆ, ಮೇಕಪ್ಪು, ಧ್ವನಿವರ್ಧಕ, ತಬಲಾದವರು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಸಂಭಾವನೆ, ಎಲ್ಲ ನಡೆಯಬೇಕು. ನಿರ್ದೇಶಕ ಅಂದರೆ ಹಾರ್ಮೋನಿಯಂ ಮೇಷ್ಟ್ರೇ. ತಿಂಗಳುಗಟ್ಟಲೆ ಸಂಜೆ ತಾಲೀಮು ಮಾಡಿಸಿ, ಒಬ್ಬೊಬ್ಬನ ಕಂಠಕ್ಕೆ ತಕ್ಕ ಶ್ರುತಿ ಹುಡುಕಿ, ಕಂದ, ವೃತ್ತಗಳ ಮಟ್ಟು ಕೂರಿಸಿ, ನಾಟಕದ ದಿನ ರಂಗದ ಮುಂದೆ ಕೂತು ಹದಿನೈದು ಇಪ್ಪತ್ತು ಜನರನ್ನು ದಾಟಿಸುವುದು ಅವರ ಕೆಲಸ. ಈ ವ್ಯವಸ್ಥೆಯಲ್ಲಿ ಅಭಿಮಾನಿಗೂ ನಟನಿಗೂ ನಡುವೆ ಗೋಡೆ ಇಲ್ಲ. ಈ ವರ್ಷ ಬೆಂಚಿನ ಮೇಲೆ ಕೂತು ಕರ್ಣನನ್ನು ಟೀಕಿಸಿದವನೇ ಮುಂದಿನ ವರ್ಷ ಚೀಟಿ ಎತ್ತಿ ಕರ್ಣನಾಗುತ್ತಾನೆ. ತಾನು ಆಡಿದ ಮಾತು ತನಗೇ ತಿರುಗುತ್ತದೆ ಎಂಬ ಎಚ್ಚರ ಇದ್ದಲ್ಲಿ ಟೀಕೆಗೆ ಒಂದು ತೂಕ ತಾನಾಗಿ ಬರುತ್ತದೆ. ಪತ್ರಿಕೆಯಲ್ಲಿ ಬರೆಯುವ ನಮ್ಮಂಥವರಿಗೆ ಆ ಅಪಾಯವಿಲ್ಲ. ನಮ್ಮನ್ನು ಯಾರೂ ಮೀಸೆ ಅಂಟಿಸಿ, ಗದೆ ಕೊಟ್ಟು, "ಈಗ ನೀನು ಹಾಡಪ್ಪ" ಎನ್ನುವುದಿಲ್ಲ.

ಕಥೆ ಎಲ್ಲರಿಗೂ ಗೊತ್ತಿರುವ ಕಡೆ ಮಾತಿಗೆ ಉಳಿಯುವುದು 'ಹೇಗೆ' ಎಂಬುದೊಂದೇ. ಅದಕ್ಕೇ ಈ ಹರಟೆಯೆಲ್ಲ ಹೋಲಿಕೆಯ ರೂಪದಲ್ಲಿರುತ್ತದೆ. ಬ್ರಾಡ್‌ವೇಯಲ್ಲಿ 1988ರಲ್ಲಿ ಶುರುವಾಗಿ 2023ರವರೆಗೆ ಓಡಿದ 'ದ ಫ್ಯಾಂಟಮ್ ಆಫ್ ದಿ ಒಪೆರಾ'ದ ಭಕ್ತರೂ ಯಾವ ನಟನ ಕಾಲದ ಫ್ಯಾಂಟಮ್ ಹೆಚ್ಚು ಎಂದು ಕಿತ್ತಾಡಿದವರೇ. ಹೋಲಿಸುವುದು ಸಣ್ಣತನ, 'ಅವರವರ ಶೈಲಿ ಅವರವರಿಗೆ' ಎನ್ನುವುದು ದೊಡ್ಡತನ ಎಂದು ಈಚೆಗೆ ಎಲ್ಲರೂ ಕಲಿತುಬಿಟ್ಟಿದ್ದಾರೆ. ವೇದಿಕೆಯ ಮೇಲೆ ಸನ್ಮಾನದ ಹೊತ್ತಿಗೆ ಈ ಮಾತು ಸರಿ. ಉಳಿದ ಹೊತ್ತಿನಲ್ಲಿ ಅದು ಸೋಮಾರಿತನ. ಒಂದೇ ಪದ್ಯವನ್ನು ಇಬ್ಬರು ಹಾಡಿದಾಗ ಒಬ್ಬನಲ್ಲಿ ಕೋಪ ಕಾಣಿಸಿ ಇನ್ನೊಬ್ಬನಲ್ಲಿ ಬರೀ ಗಂಟಲು ಕಾಣಿಸಿದರೆ, ಯಾಕೆ ಎಂದು ಕೇಳಿಕೊಳ್ಳುವುದಕ್ಕಿಂತ ಒಳ್ಳೆಯ ವಿಮರ್ಶೆ ಯಾವುದಿದೆ?

ಹಾಡಿನ ನಾಟಕದ ಮೇಲೆ ಹಳೆಯದೊಂದು ಆರೋಪವಿದೆ: ಹಾಡು ಬಂದಾಗ ನಾಟಕ ನಿಲ್ಲುತ್ತದೆ. ಎ.ವಿ. ವರದಾಚಾರ್ಯರ ರತ್ನಾವಳಿ ಕಂಪನಿಯ ಕಾಲದಲ್ಲಿ ಜನ ಅವರ ಗಾಯನಕ್ಕೇ ಮುಗಿಬೀಳುತ್ತಿದ್ದರು. 'ವನ್ಸ್ ಮೋರ್' ಕೂಗಿಗೆ ಸತ್ತ ಪಾತ್ರ ಎದ್ದು ಕೂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಕಥೆಗಳನ್ನು ನಾವೆಲ್ಲ ಕೇಳಿ ನಕ್ಕವರು. ಟಿ.ಪಿ. ಕೈಲಾಸಂ 1918ರ 'ಟೊಳ್ಳುಗಟ್ಟಿ'ಯಲ್ಲಿ ಮನೆಯೊಳಗಿನ ಮಾತನ್ನೇ ರಂಗಕ್ಕೆ ತಂದ ಮೇಲೆ ಓದಿದ ವರ್ಗಕ್ಕೆ ಹಾಡು ಹಳೆಯ ಚಾಳಿಯಾಗಿ ಕಂಡಿತು. ಅದನ್ನು ಮರಳಿ ಮಾನದ ಸ್ಥಾನಕ್ಕೆ ತಂದವರು ಬಿ.ವಿ. ಕಾರಂತರು. ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ್ದವರು ಅವರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ 'ಈಡಿಪಸ್', 'ಸಂಕ್ರಾಂತಿ'ಗಳ ಜೊತೆಗೆ ಕಂಬಾರರ 'ಜೋಕುಮಾರಸ್ವಾಮಿ'ಯನ್ನು ಅವರು ಆಡಿಸಿದಾಗ, ಹಾಡು ನಾಟಕವನ್ನು ನಿಲ್ಲಿಸುವ ಬದಲು ನಡೆಸುವುದನ್ನು ಬೆಂಗಳೂರು ನೋಡಿತು. ಅವರದೇ ಬೆನಕ ತಂಡದ 'ಸತ್ತವರ ನೆರಳು' ದಾಸರ ಪದಗಳಿಂದಲೇ ಮಠದ ಒಳಜಗಳವನ್ನು ಬಿಚ್ಚಿತು. ಹಾಡು ಯಾವಾಗ ನಾಟಕ, ಯಾವಾಗ ಬರೀ ಕಛೇರಿ ಎಂದು ಗುರುತಿಸುವ ಆ ಕಿವಿ ಕಾರಂತರಿಗೆ ಎಲ್ಲಿಂದ ಬಂತು? ಪುಸ್ತಕದಿಂದ ಅಂತೂ ಅಲ್ಲ. ಕಂಪನಿಯ ರಂಗದ ಪಕ್ಕದಲ್ಲಿ ನಿಂತು, ಜನ ಎಲ್ಲಿ ಕೂಗುತ್ತಾರೆ, ಎಲ್ಲಿ ಬೀಡಿ ಸೇದಲು ಎದ್ದು ಹೋಗುತ್ತಾರೆ ಎಂದು ಕಂಡವರಿಗೆ ಬರುವ ಕಿವಿ ಅದು.

ನಗರದ ಇನ್ನೊಂದು ಮಗ್ಗುಲಿಗೆ ಬಂದರೆ ಕಥೆ ಬೇರೆ, ಚಟ ಒಂದೇ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಂಪ್ಯೂಟರ್ ಕಂಪನಿಗಳಲ್ಲಿ ಕರಾವಳಿ, ಮಲೆನಾಡು, ಕಾಸರಗೋಡಿನ ಕಡೆಯವರು ದಂಡಿಯಾಗಿದ್ದಾರೆ. ಅವರ ಆಟ ಯಕ್ಷಗಾನ. ಕ್ಯಾಬಿನಲ್ಲಿ, ಕ್ಯಾಂಟೀನಿನಲ್ಲಿ, ಫೋನಿನಲ್ಲಿ ಮುಗಿಯದ ಚರ್ಚೆ: ತೆಂಕೋ ಬಡಗೋ, ಏರುಪದ್ಯಕ್ಕೆ ಯಾರು, ಶೃಂಗಾರಕ್ಕೆ ಯಾರು, ಆ ಭಾಗವತರ ಶ್ರುತಿ ಕಪ್ಪು ಎರಡೋ ಬಿಳಿ ಮೂರೋ. "ಎಂತ ಪದ್ಯ ಮಾರಾಯ!" ಎಂದು ಒಬ್ಬ ಶುರು ಮಾಡಿದರೆ, "ನಾವಡರ ಪದ್ಯ ಕೇಳಿದ್ಯಾ ನೀನು?" ಎಂದು ಇನ್ನೊಬ್ಬ ಕತ್ತರಿಸುತ್ತಾನೆ. ಭಾಗವತ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿ. ಇಂದು ಅವರ ಹೆಸರಲ್ಲಿ ವಾದ ಮಾಡುವವರಲ್ಲಿ ಎಷ್ಟೋ ಮಂದಿ ಆಗ ಹುಟ್ಟಿಯೂ ಇರಲಿಲ್ಲ. ಸರ್ಕಾರದ ಯಾವ ಪ್ರಶಸ್ತಿಯೂ ಒಬ್ಬ ಗಾಯಕನನ್ನು ಹೀಗೆ ಬದುಕಿಸಿಡಲಾರದು. ಕ್ಯಾಸೆಟ್ಟು ದನಿಯನ್ನು ಉಳಿಸಿತು, ನಿಜ. ಆದರೆ ಆ ದನಿ ಯಾಕೆ ದೊಡ್ಡದು ಎಂಬ ತಿಳಿವಳಿಕೆಯನ್ನು ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ದಾಟಿಸಿದ್ದು ಮಾತು.

ದೂರವೂ ಈ ಮಾತಿಗೆ ಒಂದು ಕಾರಣ. ವಾರದ ದಿನ ಸಂಜೆ ವೈಟ್‌ಫೀಲ್ಡಿನಿಂದ ಕಲಾಕ್ಷೇತ್ರ ಮುಟ್ಟುವುದು ಮೊನ್ನೆಮೊನ್ನೆಯವರೆಗೆ ಒಂದು ಸಾಹಸವೇ ಆಗಿತ್ತು. ಮೆಟ್ರೊ ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲಿ ಬಂತು. ರಾತ್ರಿಯಿಡೀ ಆಡುವ ಆಟಕ್ಕೆ ಕೊನೆಯ ರೈಲಿನ ಹೊತ್ತು ಹೊಂದುವುದಿಲ್ಲ ಅನ್ನಿ. ನೋಡಲಾಗದವನಿಗೆ ನೋಡಿದವನು ಹೇಳುವ ವಿವರವೇ ಅರ್ಧ ಆಟ. ವೈಟ್‌ಫೀಲ್ಡಿನಲ್ಲಿ 2011ರಿಂದ ಜಾಗೃತಿ ರಂಗಮಂದಿರವಿದೆ; ಪೀಣ್ಯದವರು ಹೆಚ್ಚಾಗಿ ಮಲ್ಲತ್ತಹಳ್ಳಿಯ ಕಲಾಗ್ರಾಮಕ್ಕೋ, ಕಲಾಕ್ಷೇತ್ರಕ್ಕೋ, ಊರ ಬಯಲಿಗೋ ಹೋಗಬೇಕು. ದುಡಿಯುವವರು ನೆರೆದಿರುವ ಕಡೆ ರಂಗಮಂದಿರ ಕಟ್ಟಬೇಕೆಂದು ಯಾರಿಗೂ ತೋಚುವುದಿಲ್ಲ ಯಾಕೋ.

ಇನ್ನು ಈ ಹರಟೆಯ ಕೆಡುಕಿನ ಮಾತು. ಅಭಿಮಾನ ಪಂಗಡವಾಗುವುದು, ಭಾಗವತರ ಹೆಸರಲ್ಲಿ ಬೈಗುಳ ಹಾರುವುದು ಎಲ್ಲರಿಗೂ ಗೊತ್ತಿರುವ ಕೆಡುಕು. ಅದು ನನಗೆ ಅಷ್ಟು ದೊಡ್ಡದೆನಿಸುವುದಿಲ್ಲ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದಾಗಲೂ ಜನ ಜಗಳವಾಡಿದರು, ಕಲೆಗೆ ಏಟಾಗಲಿಲ್ಲ. ನಿಜವಾದ ಅಪಾಯ ತುಣುಕಿನದು. ಇಡೀ ಪ್ರಸಂಗದಿಂದ ಎರಡು ನಿಮಿಷದ ಪದ್ಯ ಕತ್ತರಿಸಿ ಫೋನಿಗೆ ಬಂದರೆ, ಮರುದಿನದ ಮಾತೆಲ್ಲ ಆ ಎರಡು ನಿಮಿಷದ್ದೇ. ಎಷ್ಟು ಹೊತ್ತು ದನಿ ಎಳೆದರು, ಎಷ್ಟು ಎತ್ತರಕ್ಕೆ ಹೋದರು ಎಂಬುದಷ್ಟೇ ಅಳತೆ. ಆಟವನ್ನೇ ಬಿಟ್ಟು ಪದ್ಯಗಳನ್ನು ಮಾತ್ರ ಹಾಡಿಸುವ ಗಾನವೈಭವಗಳು, ಇಬ್ಬರು ಭಾಗವತರನ್ನು ಎದುರುಬದುರು ಕೂರಿಸುವ ದ್ವಂದ್ವ ಭಾಗವತಿಕೆ ಈ ರುಚಿಗೆ ತಕ್ಕಂತೆಯೇ ಬೆಳೆದಿವೆ.

ಅಮೆರಿಕದ 'ಹ್ಯಾಮಿಲ್ಟನ್' ಸಂಗೀತ ನಾಟಕ 2015ರಲ್ಲಿ ಬ್ರಾಡ್‌ವೇಗೆ ಬಂದಾಗ ಅದರ ಬಹುಪಾಲು ಅಭಿಮಾನಿಗಳು ನಾಟಕ ನೋಡದೆ ಧ್ವನಿಮುದ್ರಿಕೆ ಕೇಳಿಯೇ ಅಭಿಮಾನಿಗಳಾದರು. ಹಾಗಿದ್ದರೆ ನಮ್ಮ ತುಣುಕಿನ ಅಭಿಮಾನಿಯನ್ನೇ ಯಾಕೆ ದೂರಬೇಕು ಎಂದು ಕೇಳಬಹುದು. ವ್ಯತ್ಯಾಸವಿದೆ. ಆ ನಾಟಕ ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ನಡೆಯುವುದರಿಂದ ಧ್ವನಿಮುದ್ರಿಕೆ ಕೇಳಿದವನಿಗೆ ಕಥೆ ಮೊದಲಿಂದ ಕೊನೆಯವರೆಗೆ ಅನುಕ್ರಮವಾಗಿ ಸಿಗುತ್ತದೆ. ಯಕ್ಷಗಾನದಲ್ಲಿ ಭಾಗವತರು ಪದ್ಯ ಹಾಡಿದ ಮೇಲೆ ವೇಷಧಾರಿ ಕುಣಿದು, ಅರ್ಥ ಹೇಳಬೇಕು. ಪದ್ಯ ಕೇಳಿದ್ದಕ್ಕೆ ಉತ್ತರ ಅರ್ಥದಲ್ಲಿರುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯ, ರಾವಣನ ಪರವಾಗಿ ವಾದಿಸುವಾಗ ಅದೇ ಪದ್ಯ ಬೇರೆಯೇ ಬಣ್ಣ ಪಡೆಯುತ್ತಿತ್ತು. ತುಣುಕು ಪ್ರಶ್ನೆಯನ್ನಷ್ಟೇ ಉಳಿಸಿ ಉತ್ತರವನ್ನು ಕತ್ತರಿಸುತ್ತದೆ. ಮದುವೆ ಊಟದಲ್ಲಿ ಬರೀ ಹೋಳಿಗೆ ತಿಂದು ಎದ್ದವನು ಅಡುಗೆಯ ಬಗ್ಗೆ ತೀರ್ಪು ಕೊಟ್ಟ ಹಾಗೆ ಅದು.

ಇನ್ನೊಂದು ಕೆಡುಕು ಪೀಣ್ಯದ ಕಡೆಯದು, ಇದನ್ನು ಯಾರೂ ಕೆಡುಕೆಂದು ಎಣಿಸುವುದೂ ಇಲ್ಲ. 'ಕುರುಕ್ಷೇತ್ರ'ದ ದುರ್ಯೋಧನ, ಭೀಮ, ಶಕುನಿಯರ ಬಗ್ಗೆ ಅರ್ಧ ಗಂಟೆ ಮಾತಾಡುವವರು ದ್ರೌಪದಿಗೆ ಬಂದಾಗ "ಚೆನ್ನಾಗಿ ಮಾಡಿದ್ರು" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅಂದು ರಂಗದ ಮೇಲಿದ್ದವರಲ್ಲಿ ಅತಿ ಹೆಚ್ಚು ಅನುಭವ ಇದ್ದವರು ಬಹುಶಃ ಆಕೆಯೇ. ಈ ವಾರ ಇಲ್ಲಿ ದ್ರೌಪದಿ, ಮುಂದಿನ ವಾರ ಇನ್ನೊಂದು ಊರಲ್ಲಿ ಕುಂತಿ, ಪ್ರತಿಸಲ ಬೇರೆ ಬೇರೆ ಹವ್ಯಾಸಿಗಳ ಎದುರು. ಮಾತು ಮರೆತ ಅರ್ಜುನನಿಗೆ ಎಳೆ ಕೊಟ್ಟು, ತಾಳ ತಪ್ಪಿದ ಕೃಷ್ಣನನ್ನು ಸಂಭಾಳಿಸಿ ದೃಶ್ಯ ಉಳಿಸುವವರು ಅವರು. ನಡುವೆ ನಾಟಕ ನಿಲ್ಲಿಸಿ ಹಾರ ಹಾಕಿಸಿಕೊಳ್ಳುವವರು ದುಡ್ಡು ಕಟ್ಟಿದ ವೀರರು. ಮೈಸೂರಿನ ಆರ್. ನಾಗರತ್ನಮ್ಮ 1958ರಲ್ಲಿ ಹೆಂಗಸರದೇ ಸ್ತ್ರೀ ನಾಟಕ ಮಂಡಳಿ ಕಟ್ಟಿ ತಾವೇ ಕಂಸ, ದುರ್ಯೋಧನರಾಗಿ ಅಬ್ಬರಿಸಿದ ನಾಡು ಇದು. ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅಂಥ ನಾಡಿನ ರಸಿಕರ ಬಾಯಲ್ಲಿ ಕಲಾವಿದೆಯ ಹೆಸರು ಬಾರದಿರುವುದಕ್ಕೆ ಮರೆವು ಕಾರಣ ಎಂದರೆ ನಾನು ನಂಬಲಾರೆ.

ಹಿಂದೆ ಕಾರ್ಖಾನೆಗಳೇ ಈ ಹರಟೆಗೆ ಮನೆಯಾಗಿದ್ದವು. ದೂರವಾಣಿನಗರದ ಐಟಿಐ 1948ರಲ್ಲಿ ಶುರುವಾದದ್ದು, ಸಿ. ಅಶ್ವತ್ಥ್ ವರ್ಷಾನುಗಟ್ಟಲೆ ಅಲ್ಲಿ ನೌಕರಿ ಮಾಡುತ್ತಲೇ ನಾಟಕಗಳಿಗೆ ಸಂಗೀತ ಕೂರಿಸಿದರು. ಸಾರ್ವಜನಿಕ ಉದ್ಯಮಗಳ ಕನ್ನಡ ಸಂಘಗಳಲ್ಲಿ ಒಂದೇ ಬಸ್ಸಿನಲ್ಲಿ ಮೂವತ್ತು ವರ್ಷ ಓಡಾಡಿದ ಜನ ಇದ್ದರು; ಒಬ್ಬನ ಹಳೆಯ ಅಭಿಪ್ರಾಯ ಇನ್ನೊಬ್ಬನಿಗೆ ನೆನಪಿರುತ್ತಿತ್ತು. ಇಂದಿನ ಗುತ್ತಿಗೆ ಕೆಲಸಗಾರ ವರ್ಷಕ್ಕೊಂದು ಶೆಡ್ಡು ಬದಲಿಸುತ್ತಾನೆ, ಸಾಫ್ಟ್‌ವೇರಿನವನೂ ಕಂಪನಿ ಬದಲಿಸುತ್ತಲೇ ಇರುತ್ತಾನೆ. ನೆನಪಿಟ್ಟುಕೊಳ್ಳುವ ಜೊತೆಗಾರ ಇಲ್ಲದಾಗ ಮಾತಿಗೆ ಹೊಣೆ ಇರುವುದಿಲ್ಲ, ತುಣುಕು ಗೆಲ್ಲುತ್ತದೆ. ಈ ದೋಷವನ್ನು ಅಭಿಮಾನಿಗಳ ತಲೆಗೇ ಕಟ್ಟಲು ನನಗೆ ಮನಸ್ಸಿಲ್ಲ.

ಆದರೂ ಅವರ ಕೈಯಲ್ಲೇ ಇರುವ ಕೆಲಸ ಕೆಲವಿದೆ. ಪದ್ಯ ಮೆಚ್ಚಿದರೆ ಆ ಪ್ರಸಂಗವನ್ನು ಒಮ್ಮೆಯಾದರೂ ಪೂರ್ತಿ ಕೂತು ನೋಡಿ. ಈಗ ಕಾಲಮಿತಿಯ ಆಟಗಳೂ ಇವೆ, ನಿದ್ದೆಯ ನೆಪ ಹೇಳುವ ಹಾಗಿಲ್ಲ. ಭಾಗವತರನ್ನು ಹೊಗಳುವಾಗ ಮದ್ದಳೆಯಲ್ಲಿ ಕೂತವರು ಯಾರೆಂದು ಕೇಳಿ. ಹಳೆಯ ಹಾರ್ಮೋನಿಯಂ ಮೇಷ್ಟ್ರುಗಳಿಗೆ ಗೊತ್ತಿರುವ ಎಷ್ಟೋ ಮಟ್ಟುಗಳು ಯಾವ ಪುಸ್ತಕದಲ್ಲೂ ಇಲ್ಲ. ಕೈಯಲ್ಲಿ ಫೋನಿರುವಾಗ ಅವರನ್ನು ಕೂರಿಸಿ ಹಾಡಿಸಿ, ತುಂಡು ಮಾಡದೆ ಇಡಿಯಾಗಿ ಇಟ್ಟುಕೊಳ್ಳಿ. ಮುಂದಿನ ನಾಟಕದ ಮರುದಿನ ಮಾತಿಗೆ ಕೂತಾಗ ದ್ರೌಪದಿ ಮಾಡಿದವರ ಹೆಸರೇನು ಎಂದು ಯಾರಾದರೂ ಒಬ್ಬರು ಕೇಳಿ. ಗೊತ್ತಿಲ್ಲ ಎಂದರೆ ಮೇಷ್ಟ್ರಿಗೆ ಫೋನ್ ಮಾಡಿ, ಅವರಿಗೆ ಖಂಡಿತ ಗೊತ್ತಿರುತ್ತದೆ.